ಪಾಚಿಯೂ ಇಲಿಯೂ: ಅಳಿದ ಕುಲಗಳ ಮುಂದೆ ಶ್ರಾವಕನ ಹೊಣೆ

ಪಾಚಿ ಏಕೇಂದ್ರಿಯ, ಇಲಿ ಪಂಚೇಂದ್ರಿಯ. ಶಾಸ್ತ್ರದಂತೆ ಮೊದಲನೆಯದಕ್ಕೆ ನಾಲ್ಕು ಪ್ರಾಣಗಳು, ಸಂಜ್ಞಿಯಾದ ಎರಡನೆಯದಕ್ಕೆ ಹತ್ತು. ಇಷ್ಟು ಅಂತರವಿದ್ದರೂ ಇವೆರಡರ ಕುಲಗಳು ಒಂದೇ ಬಗೆಯಲ್ಲಿ ಅಳಿದುದಕ್ಕೆ ನಿದರ್ಶನವುಂಟು.

ಕೆನಡಾದ ಬೆಲ್‌ವಿಲ್ ಬಳಿಯ ಸೀಡರ್ ಮರಗಳ ಜೌಗಿನಲ್ಲಿ ಜಾನ್ ಮಕೂನ್ ಎಂಬ ಸಸ್ಯಶಾಸ್ತ್ರಜ್ಞರು ಹೊಳಪುಳ್ಳ ಪಾಚಿಯೊಂದನ್ನು ಸಂಗ್ರಹಿಸಿದ್ದರು. ಆ ಜೌಗನ್ನು ಬಯಲು ಮಾಡಲಾಯಿತು. 1864ರ ತರುವಾಯ ಆ ಪಾಚಿ ಎಲ್ಲಿಯೂ ಕಂಡಿಲ್ಲ. ಆಸ್ಟ್ರೇಲಿಯ ಮತ್ತು ಪಪುವಾ ನ್ಯೂಗಿನಿಗಳ ನಡುವೆ, ಬ್ರಾಂಬಲ್ ಕೇ ಎಂಬ ಪುಟ್ಟ ಮರಳದಿಬ್ಬದಲ್ಲಿ ಮಾತ್ರ ಮೆಲೊಮಿಸ್ ಎಂಬ ಇಲಿ ವಾಸಿಸುತ್ತಿತ್ತು. ಕಡಲ ನೀರು ಮತ್ತೆ ಮತ್ತೆ ನುಗ್ಗಿ ಅಲ್ಲಿನ ಹಸಿರು ನಾಶವಾಯಿತು. 2014ರ ಶೋಧದಲ್ಲಿ ಒಂದೂ ಸಿಗಲಿಲ್ಲ. 2019ರಲ್ಲಿ ಆಸ್ಟ್ರೇಲಿಯ ಸರ್ಕಾರ ಅದು ಅಳಿದುದೆಂದು ಸಾರಿತು.

ಇಲ್ಲಿ ಯಾರೂ ಕೊಲ್ಲಲು ಕೈಯೆತ್ತಲಿಲ್ಲ. ಹಾಗಾದರೆ ಹಿಂಸೆ ಯಾರದು? ಜೀವವು ನಾಶವಾಗದು, ಬೇರೊಂದು ದೇಹವನ್ನು ಧರಿಸುತ್ತದೆ ಎಂದು ಸಮಾಧಾನ ಹೇಳಬಹುದು. ಆದರೆ ಈ ಮಾತು ಯಾವ ಕೊಲೆಗೂ ಅನ್ವಯಿಸುತ್ತದೆ. ಆದ್ದರಿಂದ ಯಾವ ಕೊಲೆಗೂ ಸಮರ್ಥನೆಯಾಗದು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಪ್ರಮಾದದಿಂದಾಗುವ ಪ್ರಾಣಹರಣವನ್ನೇ ಹಿಂಸೆಯೆನ್ನುತ್ತದೆ. ಜೌಗನ್ನು ಕಡಿದವರಿಗೆ ಅಲ್ಲೇನಿತ್ತೆಂಬ ಅರಿವಿರಲಿಲ್ಲವೆನ್ನಬಹುದು. ಅರಿತ ಮೇಲೂ ಅಲಕ್ಷಿಸುವ ನಮಗೆ ಆ ಆಸರೆಯಿಲ್ಲ.

ಪಾಚಿಯು ಸಾಧಾರಣ ವನಸ್ಪತಿ, ಒಂದೇ ಶರೀರದಲ್ಲಿ ಅನಂತ ಜೀವಗಳ ನೆಲೆ. ಎಣಿಕೆಯೇ ಮಾನದಂಡವಾದರೆ ಇಲಿಯ ವಧೆ ಹಗುರವೆನಿಸೀತು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ಬಗೆಯ ಲೆಕ್ಕವನ್ನು ನಿರಾಕರಿಸಿದ್ದಾರೆ. ಏಕೇಂದ್ರಿಯವೆಂದು ಪಾಚಿಯನ್ನು ಮನಬಂದಂತೆ ನಾಶಪಡಿಸಲೂ ಅವರ ಸಮ್ಮತಿಯಿಲ್ಲ. ಗೃಹಸ್ಥನು ಅನಿವಾರ್ಯವಾದ ಅಲ್ಪ ಸ್ಥಾವರಹಿಂಸೆಯನ್ನುಳಿದು ಮಿಕ್ಕುದರಿಂದ ವಿರತನಾಗಬೇಕೆಂಬುದು ಅವರ ಉಪದೇಶ. ಇಂದ್ರಿಯಗಳ ತಾರತಮ್ಯವು ಅನಿವಾರ್ಯ ಹಿಂಸೆಯನ್ನು ಕಿರಿದಾಗಿಸಲು ಇರುವ ದಾರಿ. ಅನಗತ್ಯ ಹಿಂಸೆಗೆ ಕೊಟ್ಟ ಅನುಮತಿಯಲ್ಲ.

ಈ ವಿವೇಕವು ನಮ್ಮ ಬಸದಿಗಳ ಆಡಳಿತದಲ್ಲಿಯೂ ಕಾಣಬೇಕು. ಗೋಡೆಯ ಪಾಚಿಯನ್ನು ವರ್ಷವರ್ಷವೂ ಕೆರೆಯುವುದಕ್ಕಿಂತ ಮಳೆಗೆ ಮೊದಲೇ ನೀರು ನಿಲ್ಲದಂತೆ ನೋಡುವುದು ಲೇಸು. ಇಲಿಗೆ ವಿಷವಿಡುವ ಮಾತೇ ಇಲ್ಲ; ಉಗ್ರಾಣದ ಬಿಲಗಳನ್ನು ಇಲಿಗಳಿಲ್ಲದ ವೇಳೆ ಮುಚ್ಚಿದರೆ ಸಾಕು. ಕಲ್ಯಾಣಮಂಟಪಕ್ಕಾಗಿ ಹಳೆಯ ಕೆರೆಯನ್ನು ಮುಚ್ಚುವ, ತೋಪನ್ನು ಕಡಿಯುವ ಪ್ರಸ್ತಾಪ ಬಂದಾಗ, ಅಲ್ಲಿ ಯಾವ ಜೀವಗಳಿವೆಯೆಂದು ಬಲ್ಲವರಿಂದ ತಿಳಿದ ಬಳಿಕವೇ ಟ್ರಸ್ಟಿನವರು ನಿರ್ಣಯ ಕೈಗೊಳ್ಳಲಿ. ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿ ಮುನಿಗಳ ಆಚಾರ. ನೋಡಿ ನಿರ್ಣಯಿಸುವುದು ಶ್ರಾವಕರ ಕರ್ತವ್ಯ.