ಅಂಚೆಗೆ ಬೀಳದ ಕಾಗದಗಳು

ಓದುಬರಹ ತಿಳಿಯದವನು ತನ್ನ ಕಾಗದವನ್ನು ಇನ್ನೊಬ್ಬರ ಕೈಯಿಂದ ಬರೆಯಿಸುವಾಗ ಕೂಲಿಯ ಕಾಸನ್ನು ಮಾತ್ರ ಕೊಡುವುದಿಲ್ಲ; ನೆರೆಯವರಿಗೂ ಬಿಚ್ಚಿ ಹೇಳದ ಮಾತನ್ನು ಅಪರಿಚಿತರ ವಶಕ್ಕೆ ಒಪ್ಪಿಸುತ್ತಾನೆ. ಅದು ಸೇರಬೇಕಾದಲ್ಲಿಗೆ ಸೇರಿತೇ ಎಂದು ಪರೀಕ್ಷಿಸುವ ಉಪಾಯವೂ ಆತನಿಗಿಲ್ಲ. ಇಂಥ ನಂಬಿಕೆಯನ್ನು ಕೆಡಿಸಿದವರು ಮರಳಿ ಅದಕ್ಕೆ ಅರ್ಹರಾಗಬಲ್ಲರೇ? ಬ್ರೆಜಿಲ್ ದೇಶದ ನಿರ್ದೇಶಕನಾದ ವಾಲ್ಟರ್ ಸಾಲೆಸನು 1998ರಲ್ಲಿ ತೆರೆಗೆ ತಂದ ‘ಸೆಂಟ್ರಲ್ ದು ಬ್ರಸೀಲ್’ ಎಂಬ ಚಲಚ್ಚಿತ್ರವು ಈ ಪ್ರಶ್ನೆಯನ್ನು ಒಬ್ಬ ಮುದುಕಿಗೂ ಒಬ್ಬ ಹುಡುಗನಿಗೂ ನಡುವೆ ಇಟ್ಟು ನೋಡುತ್ತದೆ. ಅದೇ ವರ್ಷ ಬರ್ಲಿನ್ ಚಿತ್ರೋತ್ಸವದಲ್ಲಿ ಚಿತ್ರಕ್ಕೆ ಸುವರ್ಣ ಕರಡಿಯೂ, ಮುದುಕಿಯ ಪಾತ್ರ ವಹಿಸಿದ ಫೆರ್ನಾಂಡಾ ಮೊಂಟೆನೆಗ್ರೊಳಿಗೆ ಶ್ರೇಷ್ಠ ನಟಿಯೆಂಬ ಗೌರವವೂ ದೊರೆತವು.

ದೋರಾ ಹಿಂದೆ ಶಾಲೆಯ ಉಪಾಧ್ಯಾಯಿನಿಯಾಗಿದ್ದವಳು. ರಿಯೋ ದೆ ಜನೈರೋ ನಗರದ ದೊಡ್ಡ ರೈಲು ನಿಲ್ದಾಣದಲ್ಲಿ ಮೇಜು ಹಾಕಿಕೊಂಡು ಕುಳಿತು, ನಿರಕ್ಷರರು ಹೇಳಿದುದನ್ನು ಹೇಳಿದಂತೆಯೇ ಬರೆದುಕೊಡುತ್ತಾಳೆ. ಸಂಜೆ ಮನೆಯಲ್ಲಿ ಗೆಳತಿ ಇರೆನೆಯೊಡನೆ ಆ ಕಾಗದಗಳನ್ನು ಓದಿ ನಗುತ್ತಾಳೆ. ಕೆಲವನ್ನು ಹರಿದು ಹಾಕುತ್ತಾಳೆ, ಕೆಲವನ್ನು ಮೇಜಿನ ಸೆಳೆಖಾನೆಗೆ ತಳ್ಳುತ್ತಾಳೆ. ಹಣವನ್ನಂತೂ ಹಿಂದಿರುಗಿಸುವುದಿಲ್ಲ. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು: ಆಕೆಯ ಬರವಣಿಗೆಯಲ್ಲಿ ಒಂದಕ್ಷರವೂ ಸುಳ್ಳಲ್ಲ. ಸುಳ್ಳು ಇರುವುದು ಬರೆದುದರಲ್ಲಿ ಅಲ್ಲ, ಕಳುಹಿಸದೆ ಇದ್ದುದರಲ್ಲಿ.

ಅನಾ ಎಂಬವಳು ದೂರದ ಈಶಾನ್ಯ ಪ್ರಾಂತದಲ್ಲಿರುವ ಗಂಡನಿಗೆ ಹೀಗೆಯೇ ಕಾಗದ ಬರೆಯಿಸಿ, ನಿಲ್ದಾಣದಿಂದ ಹೊರಬಿದ್ದೊಡನೆ ಬಸ್ಸಿಗೆ ಸಿಕ್ಕಿ ಸಾಯುತ್ತಾಳೆ. ಒಂಬತ್ತು ವರ್ಷದ ಮಗ ಜೊಸುಯೆ ನಿಲ್ದಾಣದಲ್ಲಿಯೇ ಅನಾಥನಾಗಿ ಉಳಿಯುತ್ತಾನೆ. (ಈ ಪಾತ್ರವನ್ನು ಮಾಡಿದ ವಿನೀಸಿಯುಸನು ವಿಮಾನ ನಿಲ್ದಾಣದಲ್ಲಿ ಬೂಟಿಗೆ ಪಾಲಿಶ್ ಹಾಕಿ ಜೀವಿಸುತ್ತಿದ್ದ ಹುಡುಗನು, ಆ ಮುಖದ ಬಿಗುವು ನಟನೆಯಿಂದ ಬಂದುದಲ್ಲ.) ದೋರಾ ಅವನನ್ನು ಮನೆಗೆ ಕರೆದೊಯ್ಯುತ್ತಾಳೆ, ಮರುದಿನ ಮಕ್ಕಳ ವ್ಯಾಪಾರಿಗಳಿಗೆ ಮಾರಿ, ಬಂದ ಹಣದಿಂದ ಹೊಸ ಟೆಲಿವಿಷನ್ ಪೆಟ್ಟಿಗೆ ಕೊಳ್ಳುತ್ತಾಳೆ. ಗೆಳತಿಯ ಛೀಮಾರಿಯಿಂದ ನಿದ್ದೆಗೆಟ್ಟು, ಬೆಳಗಾದ ಮೇಲೆ ಉಪಾಯದಿಂದ ಅವನನ್ನು ಬಿಡಿಸಿ ತಂದು, ತಂದೆಯನ್ನು ಹುಡುಕಲು ಹೊರಡುತ್ತಾಳೆ.

ಇದನ್ನು ವಾತ್ಸಲ್ಯವೆಂದು ಕರೆಯಲು ಆತುರಪಡುವುದು ಸರಿಯಲ್ಲ. ಆಕೆಯನ್ನು ಎಬ್ಬಿಸಿದ್ದು ಅಪರಾಧದ ಭಯ. ಹುಡುಗನೂ ಸಾಧುವಲ್ಲ, ಅವಳನ್ನು ನಂಬುವುದಿಲ್ಲ, ನಂಬದಿರಲು ಅವನಿಗೆ ಕಾರಣವಿದೆ. ಹಣವೆಲ್ಲ ತೀರಿದಾಗ, ಯಾತ್ರಿಕರು ನೆರೆದ ಒಂದು ಊರಿನಲ್ಲಿ ಮತ್ತೆ ಕಾಗದ ಬರೆದು ಸಂಪಾದಿಸುವ ಯುಕ್ತಿಯನ್ನು ಹೇಳಿದವನು ಅವನೇ. ಈ ಸಲದ ಕಾಗದಗಳು ಅಂಚೆಗೆ ಬೀಳುತ್ತವೆ. ಹಿರಿಯರು ಕಿರಿಯರನ್ನು ತಿದ್ದುವರೆಂಬುದು ಲೋಕದ ರೂಢಿ. ಇಲ್ಲಿ ಕಿರಿಯನು ಉಪದೇಶವಿಲ್ಲದೆ, ಕೇವಲ ಪಕ್ಕದಲ್ಲಿ ನಿಂತು ನೋಡುವುದರಿಂದಲೇ ತಿದ್ದುತ್ತಾನೆ.

ಕಡೆಗೆ ದೊರೆತವನು ತಂದೆಯಲ್ಲ. ಹುಡುಗನ ಅಣ್ಣಂದಿರಾದ ಇಸಾಯಿಯಸ್ ಮತ್ತು ಮೊಯಿಸೆಸ್. ಆರು ತಿಂಗಳ ಹಿಂದೆಯೇ ತಂದೆಯು ಅನಾಳನ್ನು ಅರಸಿಕೊಂಡು ಹೊರಟುಹೋಗಿದ್ದನು. ಅಂದಮೇಲೆ ಅನಾಳ ಕಾಗದವನ್ನು ಅಂಚೆಗೆ ಹಾಕಿದ್ದರೂ ಅದು ಅವನ ಕೈಸೇರುತ್ತಿರಲಿಲ್ಲ. ಆದರೆ ಹಾಕದಿದ್ದವಳ ತಪ್ಪು ಅದರಿಂದ ಕೂದಲೆಳೆಯಷ್ಟೂ ತಗ್ಗದು. ಆತನು ಬಿಟ್ಟುಹೋದ ಕಾಗದವನ್ನು ಓದಿ ಹೇಳೆಂದು ಅಣ್ಣಂದಿರು ದೋರಾಳನ್ನು ಬೇಡುತ್ತಾರೆ. ಎಲ್ಲರೂ ಒಂದಾಗಿ ಬಾಳಬೇಕೆಂಬ ಆಸೆಯ ಸಾಲಿನಲ್ಲಿ ಇಬ್ಬರು ಮಕ್ಕಳ ಹೆಸರನ್ನು ಓದಿದವಳು ಕ್ಷಣಕಾಲ ತಡೆದು, ಜೊಸುಯೆಯ ಕಡೆ ನೋಡಿ, ಅವನ ಹೆಸರನ್ನೂ ಸೇರಿಸುತ್ತಾಳೆ. ಅವನನ್ನು ಕಾಣಲು ತಂದೆಯು ಹಂಬಲಿಸುತ್ತಿದ್ದಾನೆಂದು ಓದುತ್ತಾಳೆ.

ಈ ಸುಳ್ಳನ್ನು ಏನೆಂದು ಬಗೆಯಬೇಕು? ಕೊಲೆಗಾರನು ಬಾಗಿಲಿಗೆ ಬಂದು ಒಳಗಡಗಿದ ಮಿತ್ರನನ್ನು ಕೇಳಿದರೂ ಸುಳ್ಳಾಡುವ ಹಕ್ಕಿಲ್ಲವೆಂದು 1797ರಲ್ಲಿ ವಾದಿಸಿದ ಕಾಂಟನ ತಕ್ಕಡಿಯಲ್ಲಿ ದೋರಾ ಎರಡು ಸಲವೂ ಹಗುರವೇ. ಆ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ತಂದೆಯು ಮರಳಿ ಬಾರನೆಂದೇ ಮೊಯಿಸೆಸನ ಎಣಿಕೆ. ಅದು ನಿಜವಾದರೆ ಹುಡುಗನು ಬರಿಯ ಒಂದು ಹೆಸರನ್ನು ನಂಬಿ ವರ್ಷಗಟ್ಟಲೆ ಕಾಯಬೇಕಾದೀತು. ಯಾವ ಕಾಗದ ಯಾರಿಗೆ ಹಿತವೆಂದು ಸೆಳೆಖಾನೆಯ ಮುಂದೆ ತೀರ್ಪು ಕೊಟ್ಟ ಅದೇ ಅಹಂಕಾರವು ಇಲ್ಲಿಯೂ ಇದೆಯೆನ್ನಬಹುದು.

ಆದರೂ ಒಂದು ಅಂತರವುಂಟು. ಕುರುಕ್ಷೇತ್ರದಲ್ಲಿ ಧರ್ಮರಾಯನಾಡಿದ ಮಾತು ಅಕ್ಷರಶಃ ನಿಜ. ಗೆಲುವು ಮಾತ್ರ ಆಡಿದವನ ಪಾಲಿಗೆ ಬಂದಿತು. ದೋರಾಳ ಮಾತು ಅಕ್ಷರಶಃ ಸುಳ್ಳು, ನಷ್ಟವು ಆಡಿದವಳಿಗೆ. ತಂದೆಗೆ ಬೇಡವಾದ ಹುಡುಗನಾಗಿದ್ದರೆ ಅವನು ಅವಳೊಡನೆಯೇ ಬರುತ್ತಿದ್ದನೇನೋ. ಆ ಒಂದು ಹೆಸರನ್ನು ಓದುವುದರಿಂದ ಆಕೆ ಅವನನ್ನು ಮನೆಯವನನ್ನಾಗಿ ಮಾಡುತ್ತಾಳೆ, ತನ್ನನ್ನು ಹೊರಗಿನವಳನ್ನಾಗಿ. ಮೊದಲು ಹುಡುಗನನ್ನು ಮಾರಿ ಹಣ ಪಡೆದವಳು ಈಗ ಏನನ್ನೂ ಪಡೆಯದೆ ಅವನನ್ನು ಬಿಟ್ಟುಕೊಡುತ್ತಾಳೆ.

ಮುಂಜಾವಿನಲ್ಲಿ, ಎಲ್ಲರೂ ಮಲಗಿರುವಾಗ, ಅನಾಳ ಕಾಗದವನ್ನೂ ಗಂಡನ ಕಾಗದವನ್ನೂ ಗೋಡೆಯ ಮೇಲಿನ ಅವರಿಬ್ಬರ ಭಾವಚಿತ್ರದ ಕೆಳಗೆ ಪಕ್ಕಪಕ್ಕದಲ್ಲಿ ಇಟ್ಟು, ಹುಡುಗನು ಕೊಡಿಸಿದ ಉಡುಪನ್ನು ತೊಟ್ಟು ದೋರಾ ಬಸ್ಸು ಹತ್ತುತ್ತಾಳೆ. ಎಚ್ಚೆತ್ತ ಹುಡುಗನು ಓಡಿಬರುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಊರಿನ ಪರರ ಮಾತುಗಳನ್ನೆಲ್ಲ ಬರೆದವಳು ಈಗ ಮೊದಲ ಬಾರಿಗೆ ತನ್ನ ಮಾತನ್ನು ಬರೆಯಲು ತೊಡಗಿ ಜೊಸುಯೆಗೆ ಕಾಗದ ಆರಂಭಿಸುತ್ತಾಳೆ. ಅದು ಅಂಚೆಗೆ ಬಿದ್ದಿತೇ ಎಂಬುದನ್ನು ಚಿತ್ರವು ತೋರಿಸುವುದಿಲ್ಲ.