ಎರಡು ಪದವಿ, ಒಂದೇ ದಿನ

ಹಗಲು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬು, ರಾತ್ರಿ ಐಐಟಿ ಮದ್ರಾಸ್‌ನ ಆನ್‌ಲೈನ್ ಬಿಎಸ್ ಪದವಿಯ ವಿಡಿಯೊ ಪಾಠ. ವಾರದ ಕೊನೆಗೆ ಅಸೈನ್‌ಮೆಂಟು, ಕೆಲವು ವಾರಗಳಿಗೊಮ್ಮೆ ಕೇಂದ್ರಕ್ಕೇ ಹೋಗಿ ಬರೆಯಬೇಕಾದ ಪರೀಕ್ಷೆ. ಇಂಥ ದಿನಚರಿಯ ಹುಡುಗ ಹುಡುಗಿಯರು ಈಗ ನಮ್ಮ ಹಾಸ್ಟೆಲುಗಳಲ್ಲಿ ಅಪರೂಪವಲ್ಲ. ಅವರನ್ನು ಕಂಡ ಗೆಳೆಯರು ‘ಹೇಗೆ ಮಾಡ್ತೀಯ?’ ಎಂದು ಕೇಳುತ್ತಾರೆ. ಹಿರಿಯರು ‘ಎರಡು ದೋಣಿಯ ಮೇಲೆ ಕಾಲಿಡಬೇಡ’ ಎನ್ನುತ್ತಾರೆ. ‘ಹೀಗೆ ಮಾಡುವುದು ಸರಿಯೇ?’ ಎಂದು ಕೇಳುವವರು ಕಡಿಮೆ.

ಕಾನೂನು ತನ್ನ ಉತ್ತರವನ್ನು ಕೊಟ್ಟಾಗಿದೆ. 2022ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು (ಯುಜಿಸಿ) ಒಬ್ಬ ವಿದ್ಯಾರ್ಥಿ ಏಕಕಾಲಕ್ಕೆ ಎರಡು ಪದವಿಗಳಿಗೆ ಓದಬಹುದು ಎಂದಿತು. ಎರಡೂ ಕಾಲೇಜಿಗೆ ಹೋಗಿ ಓದುವಂಥವಾದರೆ ತರಗತಿಯ ವೇಳೆ ಒಂದರ ಮೇಲೊಂದು ಬರಬಾರದು. ಒಂದು ಕಾಲೇಜಿನಲ್ಲಿ, ಇನ್ನೊಂದು ದೂರಶಿಕ್ಷಣದಲ್ಲಿ ಅಥವಾ ಆನ್‌ಲೈನ್‌ನಲ್ಲಿ ಆಗಬಹುದು. ಎರಡೂ ದೂರಶಿಕ್ಷಣವೇ ಆಗಬಹುದು. ಅದಕ್ಕೂ ಮೊದಲು ಹೀಗೆ ಓದಿದ್ದವರಿಗೆ ಈ ಅನುಕೂಲ ಇರಲಿಲ್ಲ. 2025ರಲ್ಲಿ ಅವರ ಪದವಿಗಳಿಗೂ ಮಾನ್ಯತೆ ಸಿಕ್ಕಿತು. ಅದೇ ಓದು, ಅದೇ ನಿದ್ದೆಗೇಡು. ಒಮ್ಮೆ ಅಮಾನ್ಯ, ಆಮೇಲೆ ಮಾನ್ಯ. ಹಾಗಾಗಿ ನಿಯಮಪುಸ್ತಕವನ್ನು ಪಕ್ಕಕ್ಕಿಟ್ಟೇ ಈ ಪ್ರಶ್ನೆಯನ್ನು ಯೋಚಿಸಬೇಕು.

ಮೊದಲ ಆಕ್ಷೇಪ ಸಮಯದ್ದು. ಒಬ್ಬ ಮನುಷ್ಯನಿಗೆ ಎರಡು ಪದವಿ ಓದುವಷ್ಟು ಹೊತ್ತು ಎಲ್ಲಿದೆ? ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ವರ್ಷದ ಓದು ಎಂದರೆ 40 ಕ್ರೆಡಿಟ್, ಅಂದರೆ 1,200 ಗಂಟೆ. ತರಗತಿ, ಪ್ರಯೋಗ, ಸ್ವಂತ ಓದು, ಪರೀಕ್ಷೆಯ ತಯಾರಿ ಎಲ್ಲ ಅದರೊಳಗೇ. ಎರಡು ಪದವಿಗೆ 2,400 ಗಂಟೆ. ವರ್ಷಕ್ಕೆ 300 ದಿನ ಓದಿದರೆ ದಿನಕ್ಕೆ 8 ಗಂಟೆ. ಒಬ್ಬ ಗುಮಾಸ್ತ, ಒಬ್ಬ ಗಾರ್ಮೆಂಟ್ಸ್ ಕೆಲಸಗಾರ್ತಿ ದಿನಾ ದುಡಿಯುವಷ್ಟೇ ಹೊತ್ತು. ಓಡಾಟದ ಸಮಯ ಇದರಲ್ಲಿ ಸೇರಿಲ್ಲ, ನಿಜ. ಆದರೂ ಇದು ಅಸಾಧ್ಯದ ಲೆಕ್ಕವಲ್ಲ.

ಬೆಳಿಗ್ಗೆ ಬಿ.ಕಾಂ. ತರಗತಿಯಲ್ಲಿ ಕೂತು, ಸಂಜೆಯಿಂದ ನಡುರಾತ್ರಿಯವರೆಗೆ ಬೈಕಿನಲ್ಲಿ ಊಟ ತಲುಪಿಸುವ ಹುಡುಗನಿಗೆ ಯಾರೂ ಎರಡು ದೋಣಿಯ ಮಾತು ಹೇಳುವುದಿಲ್ಲ. ‘ಪಾಪ, ಕಷ್ಟಪಟ್ಟು ಓದ್ತಾನೆ’ ಎನ್ನುತ್ತೇವೆ. ಅದೇ ಹೊತ್ತನ್ನು ಇನ್ನೊಂದು ಓದಿಗೆ ಕೊಟ್ಟವನನ್ನು ಮಾತ್ರ ದುರಾಸೆಯವನು ಎನ್ನುವುದು ನ್ಯಾಯವಲ್ಲ.

ಎರಡನೆಯ ಆಕ್ಷೇಪ ಸೀಟಿನದು. ಇಬ್ಬರು ಕೂರಬಹುದಾದ ಕಡೆ ಒಬ್ಬನೇ ಕೂತರೆ ಇನ್ನೊಬ್ಬನ ಗತಿ ಏನು? ಸರ್ಕಾರ ಹಣ ಕೊಟ್ಟು ನಡೆಸುವ, ಮೆರಿಟ್ ಪಟ್ಟಿ ಹಾಕಿ ತುಂಬುವ ಎರಡು ಕಡೆ ಒಬ್ಬನೇ ಸೀಟು ಹಿಡಿದರೆ, ಪಟ್ಟಿಯಲ್ಲಿ ಅವನ ಹಿಂದಿದ್ದವನು ಹೊರಗುಳಿಯುತ್ತಾನೆ. ಅವನ ಮುಖ ನಮಗೆ ಕಾಣುವುದಿಲ್ಲ ಎಂಬ ಕಾರಣಕ್ಕೆ ಆ ನಷ್ಟ ಇಲ್ಲವಾಗುವುದಿಲ್ಲ. ಆದರೆ ಆನ್‌ಲೈನ್ ಪದವಿಗೆ ಬೆಂಚಿನ ಲೆಕ್ಕವಿಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಂಥ ಕಡೆ ಕನ್ನಡ ಬಿ.ಎ.ಗೆ ಸೇರುವವನು ಇನ್ನೊಬ್ಬನ ಎಲೆಯ ಅನ್ನವನ್ನು ಎಳೆದುಕೊಂಡಂತೆ ಆಗುವುದಿಲ್ಲ. ಈ ಆಕ್ಷೇಪ ಕೆಲವು ಕಡೆ ನಿಲ್ಲುತ್ತದೆ, ಎಲ್ಲ ಕಡೆ ಅಲ್ಲ.

ನನಗೆ ಗಟ್ಟಿ ಅನ್ನಿಸುವುದು ಮೂರನೆಯ ಮಾತು. ಪದವಿ ಪತ್ರವೆಂದರೆ ಒಂದು ಸಾಕ್ಷಿ. ‘ಈ ಮನುಷ್ಯ ಈ ವಿಷಯಕ್ಕೆ ಇಷ್ಟು ಕಾಲ ಕೊಟ್ಟಿದ್ದಾನೆ, ಇಷ್ಟು ಬಲ್ಲ’ ಎಂದು ಸಂಸ್ಥೆ ಲೋಕಕ್ಕೆ ಹೇಳುವ ಮಾತು ಅದು. ಎರಡು ಪದವಿ ಪಡೆದವನ ಬಗ್ಗೆ ಎರಡು ಸಾಕ್ಷಿಗಳಿರುತ್ತವೆ, ಎರಡೂ ಅದೇ ದಿನಗಳ ಬಗ್ಗೆ. ಎರಡೂ ನಿಜವಾಗಿರಬೇಕು. ಎಲ್ಲ ತೊಡಕು ಇಲ್ಲೇ. ನಮ್ಮಲ್ಲಿ ಕಾಲೇಜಿಗೆ ಬಾರದವರಿಗೂ ಹಾಜರಾತಿ ಬೀಳುತ್ತದೆ, ಗೆಳೆಯರು ‘ಪ್ರಾಕ್ಸಿ’ ಹೇಳುತ್ತಾರೆ, ರೆಕಾರ್ಡ್ ಪುಸ್ತಕ ಇನ್ನೊಬ್ಬರ ಕೈಬರಹದ ನಕಲಾಗಿರುತ್ತದೆ. ಒಂದೇ ಪದವಿ ಓದುವವರೂ ಇದನ್ನು ಮಾಡುತ್ತಾರೆ. ಎರಡು ಓದುವವನಿಗೆ ಇದರ ಸೆಳೆತ ಇಮ್ಮಡಿ. ಇದರಲ್ಲಿ ಮೋಸ ಹೋಗುವುದು ಕಾಲೇಜಲ್ಲ, ಅದಕ್ಕೆ ಶುಲ್ಕ ಸಂದಿರುತ್ತದೆ. ಶಾಲೆಯಲ್ಲಿ ನಿಂತು ಪಾಠ ಮಾಡದೆ ಬಿ.ಎಡ್. ಮುಗಿಸಿದವನ ಎದುರು ನಾಳೆ ಕೂರುವ ಆರನೇ ತರಗತಿಯ ಮಗು ಮೋಸ ಹೋಗುತ್ತದೆ. ಆ ಮಗುವನ್ನು ಯಾರೂ ಒಪ್ಪಿಗೆ ಕೇಳಿರುವುದಿಲ್ಲ.

ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮಗಳು ಕಾನೂನು ಪದವಿಯ ಜೊತೆ ಇನ್ನೊಂದು ರೆಗ್ಯುಲರ್ ಪದವಿಗೆ ಸೇರುವುದನ್ನು ತಡೆದಿದ್ದವು. ಆದರೆ ಐದು ವರ್ಷದ ಬಿ.ಎ., ಎಲ್‌ಎಲ್.ಬಿ.ಯನ್ನು ಒಪ್ಪಿದ್ದವು, ದೂರಶಿಕ್ಷಣಕ್ಕೂ ವಿನಾಯಿತಿ ಕೊಟ್ಟಿದ್ದವು. ಎರಡು ವಿದ್ಯೆ ಕೂಡಿಬರುವುದಕ್ಕೆ ಅಲ್ಲಿ ವಿರೋಧವಿರಲಿಲ್ಲ. ಒಬ್ಬನೇ ವಿದ್ಯಾರ್ಥಿ ಒಂದೇ ಹೊತ್ತಿಗೆ ಎರಡು ಕಡೆ ‘ಇದ್ದೇನೆ’ ಎನ್ನುವುದರ ಬಗ್ಗೆ ಅನುಮಾನವಿತ್ತು ಎಂದು ನಾನು ಓದಿಕೊಳ್ಳುತ್ತೇನೆ. ಆ ಅನುಮಾನದಲ್ಲಿ ಅರ್ಥವಿದೆ.

ಕಲಿಯುವುದಾದರೆ ಎರಡನೆಯದಕ್ಕೆ ಪದವಿಯೇ ಏಕೆ ಬೇಕು ಎಂದೂ ಕೇಳಬಹುದು. ಬಿ.ಜಿ.ಎಲ್. ಸ್ವಾಮಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು. ‘ಹಸುರು ಹೊನ್ನು’ ಬರೆದು 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಅವರ ಕೈಯಲ್ಲಿ ಗಿಡ ಮತ್ತು ಕನ್ನಡ ಎರಡೂ ಒಟ್ಟಿಗೆ ಅರಳಿದವು. ಮಾತು ಸರಿ. ಆದರೆ ಸ್ವಾಮಿ ಡಿವಿಜಿಯವರ ಮಗ. ಸಾಹಿತ್ಯ ಅವರಿಗೆ ಮನೆಯಲ್ಲೇ ಇತ್ತು. ಮನೆಯಲ್ಲಿ ಕ್ಯಾಲೆಂಡರ್ ಬಿಟ್ಟು ಬೇರೆ ಅಚ್ಚಾದ ಕಾಗದವಿಲ್ಲದ ಹುಡುಗಿಗೆ ಸಿಲಬಸ್ಸು, ಮೇಷ್ಟರು, ಪರೀಕ್ಷೆಯ ದಿನಾಂಕ ಇವೇ ಒಳಗೆ ಹೋಗುವ ಬಾಗಿಲು. ಅವಳಿಗೆ ‘ಸುಮ್ಮನೆ ಓದಿಕೊ, ಪದವಿ ಏಕೆ’ ಎನ್ನುವುದು ಬಾಗಿಲು ತೆರೆದಿರುವ ಮನೆಯಲ್ಲಿ ಹುಟ್ಟಿದವರು ಆಡುವ ಮಾತು.

ಉಳಿದದ್ದು ಭಯದ ಮಾತು. ಎರಡನೆಯ ಪದವಿಗೆ ಸೇರುವ ಹಲವರು ಅದರ ಮೇಲಿನ ಪ್ರೀತಿಯಿಂದ ಸೇರುವುದಿಲ್ಲ. ಒಂದಕ್ಕೆ ಕೆಲಸ ಸಿಗದಿದ್ದರೆ ಇನ್ನೊಂದಿರಲಿ ಎಂದು ಸೇರುತ್ತಾರೆ. ಅದಕ್ಕಾಗಿ ಅವರನ್ನು ದೂರಲಾರೆ. ಒಂದು ಪದವಿಯಿಂದ ಬದುಕು ಸಾಗುವುದಿಲ್ಲ ಎಂಬ ಪರಿಸ್ಥಿತಿಯನ್ನು ಇಪ್ಪತ್ತರ ಹುಡುಗರು ಕಟ್ಟಿದ್ದಲ್ಲ. ಆದರೆ ಭಯಕ್ಕೆ ಎರಡು ಸಾಕು ಎನ್ನಿಸುವುದಿಲ್ಲ, ಅದು ಮೂರನೆಯದನ್ನೂ ಕೇಳುತ್ತದೆ. ಪ್ರೀತಿಗಾದರೆ ಅಳತೆ ಗೊತ್ತು. ಒಂದನ್ನು ಚೆನ್ನಾಗಿ ಮಾಡಲು ಇನ್ನೊಂದನ್ನು ಬಿಡಬೇಕಾಗಿ ಬಂದರೆ ಅದು ಬಿಡಬಲ್ಲದು.

ಆದ್ದರಿಂದ ಎರಡು ಪದವಿ ಓದುವವರಿಗೆ ನಾವು ಕೇಳಬೇಕಾದದ್ದು ಒಂದೇ. ಪ್ರಮಾಣಪತ್ರಗಳನ್ನು ಬದಿಗಿಟ್ಟು, ಎರಡೂ ವಿಷಯಗಳ ಬಗ್ಗೆ ತಲಾ ಅರ್ಧ ಗಂಟೆ, ತಿಳಿಯದವರಿಗೆ ತಿಳಿಯುವ ಹಾಗೆ ಮಾತಾಡಬಲ್ಲಿರಾ? ಆಗುತ್ತದೆ ಎನ್ನುವವರು ಯಾರ ಪಾಲನ್ನೂ ಕದ್ದಿಲ್ಲ. ಒಂದೇ ಪದವಿ ಇಟ್ಟುಕೊಂಡ ನಾವೂ ಆ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳಬಹುದು.