ಒಲ್ಲೆನೆಂದವಳ ಮಾತು



ಉಡುತಡಿಯ ಮಹಾದೇವಿಯನ್ನು ಕೌಶಿಕರಾಜನು ಬಯಸಿದ ಕಥೆಯನ್ನು ಪುರಾಣ ಪ್ರವಚನಗಳಲ್ಲಿ ತಾವೆಲ್ಲರೂ ಕೇಳಿರುವಿರಿ. ಹರಿಹರನ ರಗಳೆಯಂತೆ, ಒಲ್ಲೆನೆಂದ ಕನ್ಯೆಯನ್ನು ಪಡೆಯಲು ಅರಮನೆಯವರು ಹಿಡಿದ ದಾರಿ ಆಕೆಯ ತಾಯಿತಂದೆಗಳಿಗೆ ಪ್ರಾಣಭಯವನ್ನೊಡ್ಡುವುದು. ಅವರನ್ನುಳಿಸಲೆಂದು ಆಕೆ ಕರಾರಿನ ಮೇಲೆ ಹೋದಳು; ಅರಸನು ಮೂರು ಸಲ ತಪ್ಪಲು ಹೊರಟುಬಂದಳು. ನಾವು ಅಕ್ಕನ ವೈರಾಗ್ಯವನ್ನು ಕೊಂಡಾಡುತ್ತೇವೆ. ಅರಸನ ದೌರ್ಜನ್ಯವನ್ನು ಮಾತ್ರ ಕಥೆಯ ನೆಪವೆಂದು ದಾಟಿಬಿಡುತ್ತೇವೆ.

ಕೌಶಿಕನು ಇನ್ನೂ ಸತ್ತಿಲ್ಲ. 2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನ ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬಳು ಇರಿತಕ್ಕೊಳಗಾಗಿ ಅಸುನೀಗಿದಳು; ಹಿಂದೆ ಜೊತೆಗೆ ಓದಿದವನೇ ಆರೋಪಿ. ಮೇ 15ರಂದು ಅದೇ ನಗರದಲ್ಲಿ ಮತ್ತೊಬ್ಬ ತರುಣಿ ಮನೆಯೊಳಗೇ ಹತಳಾದಳು. ಬೆದರಿಕೆಯ ಸುದ್ದಿ ತಿಳಿದೂ ಅಲಕ್ಷಿಸಿದರೆಂಬ ಆರೋಪದ ಮೇಲೆ ಪೊಲೀಸರು ಅಮಾನತಾದರು. ಬೀದಿಯಲ್ಲಿ ಜಾತಿಮತಗಳ ಕೂಗೆದ್ದಿತು. ಹೆಣ್ಣಿನ ‘ಒಲ್ಲೆ’ಗೆ ಬೆಲೆಯುಂಟೇ ಎಂಬ ಮೂಲಪ್ರಶ್ನೆಯನ್ನು ಕೇಳಿದವರು ಕಡಿಮೆ.

ನಮ್ಮ ಗುಡೂರಿನಿಂದಲೂ ಹೆಣ್ಣುಮಕ್ಕಳು ದಿನವೂ ಇಳಕಲ್ಲು, ಬಾಗಲಕೋಟೆಗಳ ಕಾಲೇಜುಗಳಿಗೆ ಬಸ್ಸು ಹತ್ತುತ್ತಾರೆ. ನನ್ನಲ್ಲಿ ಓದಿದ ಒಬ್ಬಳು, ತರುಣನೊಬ್ಬ ಬೆನ್ನು ಬಿಡನೆಂದು ಕೆಲವು ವರ್ಷಗಳ ಕೆಳಗೆ ಅಳುತ್ತ ಬಂದಿದ್ದಳು. ನಾನು ಆಕೆಯ ತಂದೆಗೆ ಹೇಳಿದ್ದೇನು? “ಮಾನ ದೊಡ್ಡದು, ಕಾಲೇಜು ಬಿಡಿಸಿರಿ” ಎಂದೆನು. ಅವನು ಓದು ಮುಗಿಸಿದನು; ಆಕೆಯ ಪುಸ್ತಕಗಳು ಅಟ್ಟವೇರಿದವು. ಹೇಳಿದವಳಿಗೇ ದಂಡವಾದರೆ ಮುಂದಿನವಳು ಬಾಯಿ ಬಿಡುವಳೇ?

ಮಗಳು ನುಡಿದಾಗ ‘ನೀನೇಕೆ ಅಲ್ಲಿಗೆ ಹೋದೆ’ ಎನ್ನದೆ ಮೊದಲು ನಂಬಿರಿ. ವಿಶ್ವವಿದ್ಯಾಲಯ ಅನುದಾನ ಆಯೋಗದ 2015ರ ನಿಯಮದಂತೆ ಪ್ರತಿ ಕಾಲೇಜಿನಲ್ಲಿಯೂ ಆಂತರಿಕ ದೂರು ಸಮಿತಿ ಇರತಕ್ಕದ್ದು. ಮೂರು ತಿಂಗಳೊಳಗೆ ಬರೆದು ದೂರು ಕೊಡಬೇಕು. ಆಕೆ ತಾನಾಗಿ ಬಯಸದ ಹೊರತು ರಾಜಿ ಸಲ್ಲದು. ನಮ್ಮ ಹಿರಿಯರು ಪಂಚಾಯಿತಿ ಕೂಡಿಸುವ ಮೊದಲು ಇದನ್ನು ತಿಳಿಯಬೇಕು. ಬೇಡವೆಂದರೂ ಹಿಂಬಾಲಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಂತೆ ಅಪರಾಧ. ಅವನು ಕಳಿಸಿದ ಸಂದೇಶಗಳನ್ನು ನಾಚಿಕೆಯಿಂದ ಅಳಿಸದೆ ಕಾದಿಡಿರಿ. 181 ಮಹಿಳಾ ಸಹಾಯವಾಣಿ, ಪ್ರಾಣಭಯವಿದ್ದಲ್ಲಿ 112.

ಇನ್ನು ಗಂಡುಮಕ್ಕಳ ಮಾತು. ತಾಯಿಯ ‘ಬೇಡ’ವನ್ನು ತಂದೆ ಗದರಿ ಅಡಗಿಸುವುದನ್ನು ಕಂಡು ಬೆಳೆದ ಹುಡುಗನು, ಕಾಲೇಜಿನಲ್ಲಿ ಪರರ ಮಗಳ ‘ಬೇಡ’ವನ್ನು ಹೇಗೆ ಮನ್ನಿಸಿಯಾನು? ಅವನಿಗೆ ಬುದ್ಧಿ ಹೇಳುವ ಮುನ್ನ ನಮ್ಮ ಪಡಸಾಲೆಯ ಮಾತುಗಳು ತಿದ್ದಬೇಕು.

ನಾನು ಹೇಳಿದ ಆ ಹೆಣ್ಣುಮಗಳ ತಂಗಿ ಈಗ ಕಾಲೇಜು ಸೇರಿದ್ದಾಳೆ. ಮೊನ್ನೆ ಅವರ ಮನೆಗೆ ಹೋಗಿ, ಇವಳು ಏನು ಹೇಳಿದರೂ ಓದು ಬಿಡಿಸಬೇಡಿರೆಂದು ತಂದೆಗೆ ಹೇಳಿದೆನು. ಅವರು ತಲೆಯಾಡಿಸಿದರು. ಅಕ್ಕನು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.